ದುಡಿದ ಮಕ್ಕಳ ಕಥೆಯನ್ನು ಓದುವ ಮಕ್ಕಳಿಗೆ ಹೇಳುವುದು

ಕನ್ನಡ ನಾಡನ್ನು ಬಿಟ್ಟು ಗುಜರಾತಕ್ಕೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಒಂದು ಕಥೆ ತಪ್ಪದೆ ಕೇಳಿಬರುವುದುಂಟು. ಅಜ್ಜನೋ, ದೊಡ್ಡಪ್ಪನೋ, ಸೋದರಮಾವನೋ ಹತ್ತು ಹನ್ನೆರಡರ ಪ್ರಾಯದಲ್ಲಿ ಊರಿನವರೊಬ್ಬರ ಕೈ ಹಿಡಿದು ಮುಂಬಯಿಗೆ ಬಂದರು. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು. ಹಗಲು ಒರೆಸಿದ ಮೇಜಿನ ಮೇಲೆಯೇ ರಾತ್ರಿ ಮಲಗಿದರು. ಮುಂದೆ ಮಾಣಿಯಾದರು, ಗಲ್ಲಾಪೆಟ್ಟಿಗೆಯ ಬಳಿ ಕುಳಿತರು. ಕೊನೆಗೆ ಅಹಮದಾಬಾದಿನಲ್ಲೋ ಬಡೋದೆಯಲ್ಲೋ ಸೂರತ್ತಿನಲ್ಲೋ ತಮ್ಮದೇ ಅಂಗಡಿಯ ಬಾಗಿಲು ತೆರೆದರು. ಈ ಕಥೆಯನ್ನು ಹೇಳುವವರಿಗೂ ಹೆಮ್ಮೆ, ಕೇಳುವ ನಮಗೂ ಹೆಮ್ಮೆ. ಅದು ಅನ್ಯಾಯವಾದ ಹೆಮ್ಮೆಯೇನೂ ಅಲ್ಲ.

ಆದರೆ ನಮ್ಮ ಮಕ್ಕಳ ಕೂಟವೊಂದರಲ್ಲಿ ಹಿರಿಯರೊಬ್ಬರು ಈ ಕಥೆಯನ್ನು ಹೇಳಿ ಮುಗಿಸಿದಾಗ, ಐದನೆಯ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, "ಅಜ್ಜಾ, ನಿಮ್ಮ ಜೊತೆಗೆ ಬಂದ ಬೇರೆ ಹುಡುಗರೂ ಹೋಟೆಲು ಇಟ್ಟರಾ?" ಎಂದು ಕೇಳಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾವು ಆರು ಮಂದಿ ಬಂದಿದ್ದೆವು, ಮಗಾ. ಇಬ್ಬರ ವಿಷಯ ಗೊತ್ತು. ಒಬ್ಬ ಕೆಮ್ಮು ಹಿಡಿದು ಊರಿಗೆ ಹೋದವನು ತಿರುಗಿ ಬರಲಿಲ್ಲ. ಉಳಿದವರು ಏನಾದರೋ ನಾನು ಕೇಳಲೇ ಇಲ್ಲ" ಎಂದರು. ಅಂದು ಆ ಹುಡುಗನಿಗೆ ಸಮಾಧಾನವಾಯಿತೋ ಇಲ್ಲವೋ ತಿಳಿಯದು. ನಮಗಂತೂ ಆಗಲಿಲ್ಲ. ಮೇಲೆ ಬಂದ ಒಬ್ಬನ ಕಥೆಯನ್ನೇ ಹೇಳುತ್ತ ಬಂದ ನಾವು, ಬಾರದೆ ಹೋದವರ ಕಥೆಯನ್ನು ಮಕ್ಕಳಿಗೆ ಹೇಳಿಯೇ ಇಲ್ಲವಲ್ಲ ಎಂಬುದು ಆಗ ಹೊಳೆಯಿತು. ಆ ಕಥೆಯನ್ನು ಹೇಗೆ ಹೇಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ವಾಸವಾಗಿರುವ ಈ ನಗರಗಳ ಚರಿತ್ರೆಯನ್ನೂ, ದುಡಿಯುವ ಮಕ್ಕಳನ್ನು ಕುರಿತು ಹುಟ್ಟಿದ ಕಥೆ ಕಾದಂಬರಿಗಳ ಚರಿತ್ರೆಯನ್ನೂ ಜೊತೆಯಾಗಿಟ್ಟು ನೋಡಿದೆವು. ಅದರ ಫಲವೇ ಈ ಲೇಖನ.

ಮೊದಲು ಅಹಮದಾಬಾದನ್ನೇ ತೆಗೆದುಕೊಳ್ಳೋಣ. ರಣಛೋಡಲಾಲ್ ಛೋಟಾಲಾಲರ ಬಟ್ಟೆ ಗಿರಣಿ ಇಲ್ಲಿ 1861ರಲ್ಲಿ ನೂಲು ತೆಗೆಯಲಾರಂಭಿಸಿತು. ಅದರ ಬೆನ್ನ ಹಿಂದೆಯೇ ಒಂದೊಂದಾಗಿ ಗಿರಣಿಗಳೆದ್ದು, ಸಾಬರಮತಿಯ ದಡದ ಈ ಊರು ಹೊಗೆಗೊಳವೆಗಳ ಊರಾಯಿತು. ನೂಲುವ ಯಂತ್ರದಲ್ಲಿ ತುಂಬಿದ ಬಾಬಿನುಗಳನ್ನು ತೆಗೆದು ಬರಿಯ ಬಾಬಿನುಗಳನ್ನು ಹಾಕುವುದೊಂದು ಕೆಲಸ. ಅದಕ್ಕೆ ಬಲ ಬೇಡ, ಚುರುಕಾದ ಸಣ್ಣ ಕೈ ಬೇಕು. ಆದುದರಿಂದ ಮಾಲಿಕರು ಮಕ್ಕಳನ್ನು ಹಿಡಿದರು, ಕೂಲಿಯೂ ಕಡಿಮೆ. ತಂದೆತಾಯಿಗಳೂ ಕಳುಹಿಸಿದರು, ಏಕೆಂದರೆ ದೊಡ್ಡವರ ಕೂಲಿಯಿಂದ ಮನೆ ನಡೆಯುತ್ತಿರಲಿಲ್ಲ.

ಭಾರತದ ಮೊದಲನೆಯ ಕಾರ್ಖಾನೆ ಕಾಯಿದೆ 1881ರಲ್ಲಿ ಬಂದಿತು. ಏಳು ವರ್ಷ ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳಕೂಡದು, ಏಳರಿಂದ ಹನ್ನೆರಡರವರೆಗಿನ ಮಗುವಿಗೆ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸ ಕೊಡಕೂಡದು ಎಂಬುದು ಅದರ ಸಾರ. ಇಂದಿನ ಮಕ್ಕಳಿಗೆ ಇದನ್ನು ಓದಿ ಹೇಳಿದರೆ ಅವರು ಬೆರಗಾಗುತ್ತಾರೆ. ಏಳು ವರ್ಷವೆಂದರೆ ಎರಡನೆಯ ಇಯತ್ತೆ! ಈ ಕಾಯಿದೆ ಬಂದುದು ಬರಿಯ ಕರುಣೆಯಿಂದಲೂ ಅಲ್ಲ. ಇಲ್ಲಿಯ ಅಗ್ಗದ ದುಡಿಮೆಯಿಂದ ತಮ್ಮ ವ್ಯಾಪಾರಕ್ಕೆ ಪೆಟ್ಟು ಬೀಳುವುದೆಂದು ಲ್ಯಾಂಕಾಶೈರಿನ ಗಿರಣಿ ಮಾಲಿಕರು ಹಾಕಿದ ಒತ್ತಾಯವೂ ಅದರ ಹಿಂದೆ ಇತ್ತು. 1891ರಲ್ಲಿ ಕನಿಷ್ಠ ವಯಸ್ಸು ಒಂಬತ್ತಕ್ಕೆ ಏರಿತು. ಒಂಬತ್ತರಿಂದ ಹದಿನಾಲ್ಕರವರೆಗಿನವರಿಗೆ ಏಳು ಗಂಟೆ ಎಂದಾಯಿತು. 1922ರಲ್ಲಿ ಕನಿಷ್ಠ ವಯಸ್ಸು ಹನ್ನೆರಡಾಯಿತು, ಕೆಲಸ ಆರು ಗಂಟೆಗೆ ಇಳಿಯಿತು. ಆಗ ಒಂದು ಹೊಸ ಉಪಾಯ ಬೆಳಕಿಗೆ ಬಂದಿತು. ಬೆಳಿಗ್ಗೆ ಒಂದು ಗಿರಣಿಯಲ್ಲಿ ಅರ್ಧ ದಿನ ದುಡಿದ ಹುಡುಗನನ್ನು ಮಧ್ಯಾಹ್ನ ಇನ್ನೊಂದು ಗಿರಣಿಗೆ ಕಳುಹಿಸುವುದು! ಇದನ್ನು ತಡೆಯಲು 1926ರಲ್ಲಿ ಕಾಯಿದೆಯನ್ನು ಮತ್ತೆ ತಿದ್ದಬೇಕಾಯಿತು. ಹದಿನಾಲ್ಕು ತುಂಬದವರಿಗೆ ಕಾರ್ಖಾನೆಯ ಬಾಗಿಲು ಮುಚ್ಚಿದುದು ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ. ಏಳರಿಂದ ಹದಿನಾಲ್ಕಕ್ಕೆ ಏರಲು ಕಾಯಿದೆಗೆ ಅರುವತ್ತೇಳು ವರ್ಷ ಹಿಡಿಯಿತು.

ಇದು ಗುಜರಾತಿನವರ ಚರಿತ್ರೆ, ನಮ್ಮದಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಅಹಮದಾಬಾದು, ಸೂರತ್ತುಗಳೂ ಒಂದೇ ಮುಂಬಯಿ ಆಡಳಿತದಲ್ಲಿದ್ದವು. ಯಾವ ರಾಜ್ಯದ ಹುಟ್ಟುಹಬ್ಬವನ್ನು ನಾವಿಂದು ಆಚರಿಸುತ್ತಿದ್ದೇವೆಯೋ ಅದು ಹುಟ್ಟುವ ಮುನ್ನ, ಹುಬ್ಬಳ್ಳಿಯ ಹುಡುಗನಿಗೂ ಅಹಮದಾಬಾದಿನ ಹುಡುಗನಿಗೂ ಒಂದೇ ಸರಕಾರ, ಒಂದೇ ಕಾಯಿದೆ.

ಕಾಯಿದೆ ತಡವಾಗಿ ಬಂದರೂ ಮನುಷ್ಯರು ಮೊದಲೇ ಎಚ್ಚತ್ತಿದ್ದರು. ಗಿರಣಿ ಮಾಲಿಕರಾದ ಅಂಬಾಲಾಲ್ ಸಾರಾಭಾಯಿಯವರ ಅಕ್ಕ ಅನಸೂಯಾಬೆನ್, ಇಂಗ್ಲೆಂಡಿನಿಂದ ಮರಳಿದ ಮೇಲೆ, 1914ರ ಹೊತ್ತಿಗೆ ಗಿರಣಿ ಕೂಲಿಗಾರರ ಮಕ್ಕಳಿಗಾಗಿ ಶಾಲೆ ತೆರೆದರು. ಒಂದು ಬೆಳಿಗ್ಗೆ ಕೂಲಿಗಾರರ ಗುಂಪೊಂದು ನಿದ್ದೆಗಣ್ಣಿನಲ್ಲಿ ನಡೆಯುವವರಂತೆ ಹೋಗುತ್ತಿದ್ದುದನ್ನು ಕಂಡು ವಿಚಾರಿಸಿದಾಗ, ಅವರು ಎಡೆಬಿಡದೆ ಮೂವತ್ತಾರು ಗಂಟೆ ದುಡಿದು ಬರುತ್ತಿರುವರೆಂದು ತಿಳಿಯಿತಂತೆ. ಅಂದಿನಿಂದಲೇ ಅವರ ಬಾಳು ಬೇರೆ ದಾರಿ ಹಿಡಿಯಿತು. 1918ರ ಮುಷ್ಕರದಲ್ಲಿ ಅವರು ಗಾಂಧೀಜಿಯ ಜೊತೆಗೆ, ಸ್ವಂತ ತಮ್ಮನ ಎದುರು ಪಕ್ಷದಲ್ಲಿ, ನಿಂತರು. 1920ರಲ್ಲಿ ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಅದು ಕೂಲಿ ಬೋನಸ್ಸುಗಳ ಜೊತೆಗೆ ಹಗಲು ಶಾಲೆ, ರಾತ್ರಿ ಶಾಲೆಗಳನ್ನೂ ನಡೆಸಿತು. ಮಗುವನ್ನು ಯಂತ್ರದ ಬಳಿಯಿಂದ ಎಬ್ಬಿಸಿದರೆ ಸಾಲದು, ಕೂರಿಸಲು ಒಂದು ಮಣೆಯೂ ಬೇಕೆಂಬುದನ್ನು ಅವರು ತಿಳಿದಿದ್ದರು.

ಆ ಮಣೆಯನ್ನು ಅವರಿಗಿಂತ ಮೊದಲೇ ಹಾಕಿದ್ದು ಬಡೋದೆ. ಮಹಾರಾಜ ಸಯಾಜಿರಾವ್ ಗಾಯಕವಾಡರು ಹುಟ್ಟಿದ್ದು ಅರಮನೆಯಲ್ಲಿ ಅಲ್ಲ. ನಾಸಿಕ ಜಿಲ್ಲೆಯ ಕವಳಾಣೆಯೆಂಬ ಹಳ್ಳಿಯ ಒಕ್ಕಲು ಮನೆಯಲ್ಲಿ, 1863ರಲ್ಲಿ. 1875ರಲ್ಲಿ ದತ್ತಕವಾಗಿ ಬಡೋದೆಗೆ ಬಂದಾಗ ಹನ್ನೆರಡು ವರ್ಷದ ಆ ಬಾಲಕನಿಗೆ ಓದು ಬರಹ ಬರುತ್ತಿರಲಿಲ್ಲ. ಹಾಗೆ ತಡವಾಗಿ ಅಕ್ಷರ ಕಲಿತ ದೊರೆಯೇ 1893ರಲ್ಲಿ ಅಮರೇಲಿ ಸೀಮೆಯಲ್ಲಿ ಕಡ್ಡಾಯ ಶಿಕ್ಷಣದ ಪ್ರಯೋಗ ನಡೆಸಿ, 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ತಂದೆತಾಯಿಗಳಿಗೆ ದಂಡ ಬೀಳುತ್ತಿತ್ತು. ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಭಾರತಕ್ಕೂ ಇಂಥದೇ ಮಸೂದೆಯನ್ನು 1911ರಲ್ಲಿ ತಂದಾಗ ಬಡೋದೆಯ ಉದಾಹರಣೆ ಅವರ ಮುಂದಿತ್ತು. ಮಸೂದೆ ಮರುವರ್ಷ ಬಿದ್ದುಹೋಯಿತು. ಹಳ್ಳಿಯ ಮಕ್ಕಳೆಲ್ಲ ಶಾಲೆಗೆ ಹೋದರೆ ಹೊಲದ ಕೆಲಸಕ್ಕೆ ಯಾರು ಎಂದು ಕೇಳುವ ಜಮೀನುದಾರರು ಆಗ ಬೇಕಾದಷ್ಟಿದ್ದರು. ಬಡೋದೆಯಲ್ಲಿ 1910ರಿಂದ ಕೇಂದ್ರ ಪುಸ್ತಕಾಲಯವೂ ಬೆಳೆಯಿತು. ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಗಳಿಗೆ ಹೋದವು. ಶಾಲೆಯ ಹಿಂದೆ ಕಥೆಯ ಪುಸ್ತಕವೂ ಹೋಗಬೇಕೆಂಬ ದೂರದೃಷ್ಟಿ ಅದು.

ಇನ್ನು ಕಥೆಗಳ ಕಡೆಗೆ ಬರೋಣ. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸ್ ಹನ್ನೆರಡು ವರ್ಷದವನಾಗಿದ್ದಾಗ, 1824ರಲ್ಲಿ, ಅವನ ತಂದೆ ಸಾಲಕ್ಕಾಗಿ ಸೆರೆಮನೆ ಸೇರಿದ. ಹುಡುಗ ಬೂಟಿಗೆ ಹಚ್ಚುವ ಕರಿಮಸಿಯ ಕಾರ್ಖಾನೆಯಲ್ಲಿ ವಾರಕ್ಕೆ ಆರು ಶಿಲ್ಲಿಂಗಿಗೆ ಡಬ್ಬಿಗಳಿಗೆ ಚೀಟಿ ಅಂಟಿಸಿದ. ಮುಂದೆ ಲೋಕವಿಖ್ಯಾತನಾದರೂ ಈ ಸಂಗತಿಯನ್ನು ತನ್ನ ಮಕ್ಕಳಿಗೂ ಹೇಳಲಿಲ್ಲ. ಆಪ್ತಮಿತ್ರ ಫಾರ್ಸ್ಟರ್ ಬರೆದ ಚರಿತ್ರೆಯಿಂದ, ಆತ ತೀರಿಕೊಂಡ ಮೇಲೆ, ಲೋಕಕ್ಕೆ ತಿಳಿಯಿತು. ಆದರೆ ಬಾಯಿಬಿಟ್ಟು ಹೇಳಲಾಗದುದನ್ನು ಆತ 1849–50ರಲ್ಲಿ ಪ್ರಕಟವಾದ 'ಡೇವಿಡ್ ಕಾಪರ್‌ಫೀಲ್ಡ್' ಕಾದಂಬರಿಯಲ್ಲಿ ಆ ಹೆಸರಿನ ಹುಡುಗನ ಪಾಲಿಗೆ ಬರೆದುಬಿಟ್ಟಿದ್ದ. ನಮ್ಮ ಹಿರಿಯರು ಬಾಲ್ಯದ ದುಡಿಮೆಯನ್ನು ಹೆಮ್ಮೆಯಿಂದ ಹೇಳುತ್ತಾರೆ, ಡಿಕನ್ಸ್ ನಾಚಿ ಮುಚ್ಚಿಟ್ಟ. ಎರಡು ಕಡೆಯಲ್ಲೂ ಹನ್ನೆರಡು ವರ್ಷದ ಹುಡುಗನಿಗೆ ಆ ದಿನ ಏನನ್ನಿಸಿತೆಂಬುದು ಹೊರಗೆ ಬರುವುದಿಲ್ಲ. ಅದು ಹೊರಬಂದುದು ಕಾದಂಬರಿಯಲ್ಲಿ.

ಮಕ್ಕಳಿಗೆಂದೇ ಬರೆದ ಕಥೆಯೂ ಇದೆ. ಚಾರ್ಲ್ಸ್ ಕಿಂಗ್ಸ್ಲಿ 1863ರಲ್ಲಿ ಪುಸ್ತಕವಾಗಿ ತಂದ 'ವಾಟರ್ ಬೇಬೀಸ್' ಎಂಬ ಕಥೆಯ ನಾಯಕ ಟಾಮ್, ಶ್ರೀಮಂತರ ಮನೆಗಳ ಹೊಗೆಗೂಡಿನೊಳಗೆ ಹತ್ತಿ ಮಸಿ ಕೆರೆಯುವ ಹುಡುಗ. ಮರುವರ್ಷ, 1864ರಲ್ಲಿ, ಅಂಥ ಮಕ್ಕಳ ರಕ್ಷಣೆಗೆ ಕಾಯಿದೆಯಾಯಿತು. ಅದು ಸಾಲದೆ 1875ರಲ್ಲಿ ಇನ್ನೊಂದು ಬಂದಿತು. ಕಥೆಯಿಂದಲೇ ಕಾಯಿದೆಯಾಯಿತೆಂದು ನಾವು ಹೇಳುವುದಿಲ್ಲ. ಕಾಯಿದೆಗಾಗಿ ಹೋರಾಡಿದವರು ಬೇರೆ ಇದ್ದರು. ಆದರೆ ತನ್ನ ಮನೆಯ ಹೊಗೆಗೂಡಿನೊಳಗೆ ಇರುವವನೂ ತನ್ನಂಥ ಒಬ್ಬ ಹುಡುಗನೆಂಬುದನ್ನು ಶ್ರೀಮಂತರ ಮಕ್ಕಳಿಗೆ ಕಥೆ ತೋರಿಸಿಕೊಟ್ಟಿತು.

ನಮ್ಮ ದೇಶದಲ್ಲಿ ರವೀಂದ್ರನಾಥ ಠಾಕೂರರು 1891ರಲ್ಲಿ 'ಪೋಸ್ಟ್‌ಮಾಸ್ಟರ್' ಎಂಬ ಸಣ್ಣಕಥೆಯನ್ನು ಬರೆದರು. ಹಳ್ಳಿಯ ಅಂಚೆ ಮನೆಗೆ ಬಂದ ಕಲ್ಕತ್ತೆಯ ಯುವಕನಿಗೆ, ರತನ್ ಎಂಬ ಹನ್ನೆರಡು ಹದಿಮೂರರ ಅನಾಥ ಹುಡುಗಿ ಹೊಟ್ಟೆಯ ಊಟಕ್ಕಾಗಿ ಮನೆಗೆಲಸ ಮಾಡುತ್ತಾಳೆ. ಆತ ಒಳ್ಳೆಯವನು, ಬೇಸರ ಕಳೆಯಲು ಅವಳಿಗೆ ಅಕ್ಷರ ಕಲಿಸುತ್ತಾನೆ. ಕಾಯಿಲೆ ಬಿದ್ದಾಗ ಅವಳೇ ಶುಶ್ರೂಷೆ ಮಾಡುತ್ತಾಳೆ. ಕೆಲಸ ಬಿಟ್ಟು ಊರಿಗೆ ಹೊರಟಾಗ, ತನ್ನನ್ನೂ ಕರೆದೊಯ್ಯುವಿರಾ ಎಂದು ಅವಳು ಕೇಳಿದರೆ ಆತ ನಕ್ಕುಬಿಡುತ್ತಾನೆ. ಈ ಕಥೆಯಲ್ಲಿ ದುಷ್ಟನೇ ಇಲ್ಲ. ಇದನ್ನು ಹತ್ತು ವರ್ಷದ ಮಗುವಿಗೂ ಹೇಳಬಹುದು. ಹೊಡೆಯದೆ ಬಯ್ಯದೆ, ಪ್ರೀತಿಯಿಂದಲೇ, ಒಂದು ಮಗುವಿಗೆ ಅನ್ಯಾಯ ಮಾಡಬಹುದೆಂಬುದು ಮಕ್ಕಳಿಗೆ ಬೇಗ ಅರ್ಥವಾಗುತ್ತದೆ; ದೊಡ್ಡವರಿಗೆ ತಡವಾಗುತ್ತದೆ.

ಕನ್ನಡದ ಮಾತಿಗೆ ಬಂದರೆ 1933ನೆಯ ವರ್ಷವನ್ನು ನೆನೆಯಬೇಕು. ಆ ವರ್ಷ ಭಾರತ ಸರಕಾರ ಒಂದು ಕಾಯಿದೆ ಮಾಡಿತು. ಸಾಲಕ್ಕೋ ಮುಂಗಡಕ್ಕೋ ಹದಿನೈದು ತುಂಬದ ಮಗುವಿನ ದುಡಿಮೆಯನ್ನು ಒತ್ತೆಯಿಡುವ ಒಪ್ಪಂದ ಅಸಿಂಧು. ಒತ್ತೆಯಿಟ್ಟ ತಂದೆತಾಯಿಗಳಿಗೆ ಐವತ್ತು ರೂಪಾಯಿಯವರೆಗೆ, ಇಡಿಸಿಕೊಂಡವನಿಗೆ ಇನ್ನೂರು ರೂಪಾಯಿಯವರೆಗೆ ದಂಡ. ಅದೇ ವರ್ಷ ಶಿವರಾಮ ಕಾರಂತರ 'ಚೋಮನ ದುಡಿ' ಹೊರಬಂದಿತು. ಅಲ್ಲಿ ಚೋಮನ ಸಾಲ ತೀರಿಸಲು ಅವನ ಮಕ್ಕಳೇ ಘಟ್ಟದ ಕಾಫಿ ತೋಟಕ್ಕೆ ದುಡಿಯಲು ಹೋಗುತ್ತಾರೆ. ಒಬ್ಬ ಮಗ ಜ್ವರ ಹತ್ತಿ ಸಾಯುತ್ತಾನೆ, ಇನ್ನೊಬ್ಬ ತಿರುಗಿ ಬರುವುದಿಲ್ಲ. ಕೊನೆಗೆ ಮಗಳು ಬೆಳ್ಳಿ ಹೋಗಬೇಕಾಗುತ್ತದೆ. ಆ ಮಕ್ಕಳೆಲ್ಲ ಹದಿನೈದರ ಒಳಗಿನವರೆಂದು ನಾವು ಹೇಳುತ್ತಿಲ್ಲ. ಆದರೆ ಒತ್ತೆಯ ಬಗೆ ಒಂದೇ. ಕಾಯಿದೆ ತಂದೆಯನ್ನು ಅಪರಾಧಿಯೆಂದು ಹಿಡಿಯಿತು. ಕಾದಂಬರಿಯೋ, ಭೂಮಿಯಿಲ್ಲದ, ಭೂಮಿಯನ್ನು ಕೇಳುವ ಹಕ್ಕೂ ಇಲ್ಲದ ಆ ತಂದೆಯ ಗುಡಿಸಿಲಿನೊಳಕ್ಕೆ ನಮ್ಮನ್ನು ಕರೆದೊಯ್ದು ಕೂರಿಸಿತು. ಎರಡನ್ನೂ ಜೊತೆಯಾಗಿ ಓದಿದ ಬಾಲಕನಿಗೆ ಮಾತ್ರ ಈ ಪಿಡುಗಿನ ಎರಡು ಮುಖಗಳೂ ತಿಳಿದಾವು.

ಮೂರು ವರ್ಷಗಳ ತರುವಾಯ, 1936ರಲ್ಲಿ, ಮುಲ್ಕ್ ರಾಜ್ ಆನಂದರ 'ಕೂಲಿ' ಎಂಬ ಇಂಗ್ಲಿಷ್ ಕಾದಂಬರಿ ಬಂದಿತು. ಗುಡ್ಡಗಾಡಿನ ಹದಿನಾಲ್ಕರ ಹುಡುಗ ಮುನ್ನು ಮೊದಲು ಮನೆಯಾಳು, ಆಮೇಲೆ ಉಪ್ಪಿನಕಾಯಿ ಕಾರ್ಖಾನೆಯ ಆಳು, ಬಳಿಕ ಮುಂಬಯಿಯ ಬಟ್ಟೆ ಗಿರಣಿಯ ಕೂಲಿ, ಕೊನೆಗೆ ಸಿಮ್ಲಾದಲ್ಲಿ ರಿಕ್ಷಾ ಎಳೆಯುವವ. ಕ್ಷಯದಿಂದ ಸಾಯುವಾಗ ಅವನಿನ್ನೂ ಹುಡುಗನೇ. ನಮ್ಮ ಹಿರಿಯರೊಡನೆ ಬಂದು 'ಏನಾದರೋ ತಿಳಿಯದ' ಆ ಹುಡುಗರ ಕಥೆಗೆ ಇದಕ್ಕಿಂತ ಹತ್ತಿರವಾದ ಪುಸ್ತಕವನ್ನು ನಾವು ಕಾಣೆವು.

ಆ ಹುಡುಗರು ಕಾಯಿದೆಯ ಕಣ್ಣಿಗೆ ಬೀಳದೆ ಹೋದುದಕ್ಕೆ ಕಾರಣವಿದೆ. 1881ರ ಕಾಯಿದೆ ನೂರು ಜನಕ್ಕೆ ಕಡಿಮೆಯಿಲ್ಲದ, ಯಂತ್ರಬಲದ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹೋಟೆಲಿನ ಅಡಿಗೆಮನೆ ಕಾರ್ಖಾನೆಯಲ್ಲ. ಅಲ್ಲಿಯ ಹುಡುಗ ಕೂಲಿಗಾರನೂ ಅಲ್ಲ, 'ನಮ್ಮೂರ ಹುಡುಗ'. ಮುಂಬಯಿ ಸರಕಾರ 1939ರಲ್ಲಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಮಾಡಿ ಉಪಾಹಾರ ಗೃಹಗಳನ್ನೂ ಅದರೊಳಗೆ ತಂದಿತು. ಕಾಯಿದೆಗಿಂತ ಹೆಚ್ಚಿನ ಕೆಲಸ ಮಾಡಿದವು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು. ಮೊಗವೀರ ರಾತ್ರಿ ಶಾಲೆ, ಗುರುನಾರಾಯಣ ರಾತ್ರಿ ಶಾಲೆ ಮೊದಲಾದ ಕಡೆಗಳಲ್ಲಿ, ಹಗಲೆಲ್ಲ ಮೇಜು ಒರೆಸಿದ ಹುಡುಗರು ರಾತ್ರಿ ಕನ್ನಡದಲ್ಲಿ ಪಾಠ ಓದಿ ಪರೀಕ್ಷೆ ಕಟ್ಟಿದರು. ಅವರಲ್ಲಿ ಅನೇಕರು ಗುಮಾಸ್ತರಾದರು, ಶಿಕ್ಷಕರಾದರು, ವಕೀಲರಾದರು. ಆ ಶಾಲೆಗಳನ್ನು ಕಟ್ಟಿದವರಿಗೆ ನಮೋ ಎನ್ನಬೇಕು. ಆದರೆ ರಾತ್ರಿ ಶಾಲೆಗೆ ಮಕ್ಕಳು ಬಂದುದು ಹಗಲು ಶಾಲೆ ಅವರಿಗಿಲ್ಲದ್ದರಿಂದ ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಸೂರತ್ತಿನಲ್ಲಿರುವ ನಮ್ಮವರು ಇದೇ ಕಥೆಯ ಇನ್ನೊಂದು ರೂಪವನ್ನು ಕಂಡವರು. 1960ರ ದಶಕದ ಈಚೆಗೆ ಅಲ್ಲಿ ವಜ್ರಕ್ಕೆ ಸಾಣೆ ಹಿಡಿಯುವ ಉದ್ಯಮ ಬೆಳೆಯಿತು. ಸೌರಾಷ್ಟ್ರದ ಹಳ್ಳಿಗಳಿಂದ ಹುಡುಗರು ನೆಂಟರಿಷ್ಟರ ಕೈ ಹಿಡಿದು, ನಮ್ಮ ಕರಾವಳಿಯ ಹುಡುಗರು ಮುಂಬಯಿಗೆ ಬಂದಂತೆಯೇ, ಅಲ್ಲಿಗೆ ಬಂದರು. 1980 ಮತ್ತು 90ರ ದಶಕಗಳಲ್ಲಿ ಅವರಲ್ಲಿ ಹದಿನಾಲ್ಕು ತುಂಬದವರೂ ಇದ್ದರು. ಕಿರುಬೆರಳಿನ ಉಗುರಿಗಿಂತ ಚಿಕ್ಕ ಕಲ್ಲಿಗೆ ಹೊಳಪು ಕೊಡಲು ಇಲ್ಲಿಯೂ ಬೇಕಾದದ್ದು ಚುರುಕಾದ ಕಣ್ಣು, ಸಣ್ಣ ಕೈ.

ಇಂದು ಕಾಯಿದೆ ಸ್ಪಷ್ಟವಾಗಿದೆ. ಹದಿನಾಲ್ಕರ ಒಳಗಿನವರನ್ನು ಅಪಾಯದ ಕೆಲಸಗಳಿಗೆ ಹಚ್ಚುವುದನ್ನು 1986ರ ಕಾಯಿದೆ ನಿಷೇಧಿಸಿತು. 2006ರ ಅಕ್ಟೋಬರ್ 10ರಿಂದ ಮನೆಗೆಲಸವೂ ಹೋಟೆಲು ಢಾಬಾಗಳ ಕೆಲಸವೂ ಆ ಪಟ್ಟಿಗೆ ಸೇರಿದವು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕರವರೆಗಿನ ಶಿಕ್ಷಣ ಹಕ್ಕಾಯಿತು. 2016ರ ತಿದ್ದುಪಡಿ ಹದಿನಾಲ್ಕರ ಒಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿತು. ಶಾಲೆ ಮುಗಿದ ಮೇಲೆ ಸ್ವಂತ ಕುಟುಂಬಕ್ಕೆ ಮಾಡುವ ಅಪಾಯವಿಲ್ಲದ ಸಹಾಯಕ್ಕೂ ಬಾಲ ಕಲಾವಿದರಿಗೂ ಮಾತ್ರ ವಿನಾಯಿತಿ ಉಳಿಯಿತು. ಹೀಗಿದ್ದೂ 2011ರ ಜನಗಣತಿಯಲ್ಲಿ ಐದರಿಂದ ಹದಿನಾಲ್ಕರವರೆಗಿನ ದುಡಿಯುವ ಮಕ್ಕಳ ಸಂಖ್ಯೆ ಒಂದು ಕೋಟಿಯನ್ನು ಮೀರಿತ್ತು. ಕೋಟಿಯೆಂದರೆ ಮಗುವಿಗೆ ಏನೂ ತೋಚದು. ರತನ್ ಎಂದರೆ, ಮುನ್ನು ಎಂದರೆ ತೋಚುತ್ತದೆ.

ಆದುದರಿಂದ ಮನೆಮನೆಯಲ್ಲಿ ಈ ಕಥೆಗಳನ್ನು ಓದಬೇಕೆಂಬುದು ನಮ್ಮ ಸೂಚನೆ. ಹತ್ತರ ಮಕ್ಕಳಿಗೆ 'ಪೋಸ್ಟ್‌ಮಾಸ್ಟರ್', ಹನ್ನೆರಡರವರಿಗೆ ಡೇವಿಡನ ಸಂಗ್ರಹ ಕಥೆ, ಪ್ರೌಢಶಾಲೆಯವರಿಗೆ 'ಚೋಮನ ದುಡಿ' ಮತ್ತು 'ಕೂಲಿ'. ಕನ್ನಡ ಓದಲು ತಡವರಿಸುವ ಮಕ್ಕಳಿಗೆ ಹಿರಿಯರೇ ಓದಿ ಹೇಳಲಿ. ಅದರಿಂದ ಭಾಷೆಯೂ ಉಳಿಯುತ್ತದೆ. ಓದಿ ಮುಗಿದ ಮೇಲೆ, "ನೋಡು, ನೀನೆಷ್ಟು ಪುಣ್ಯವಂತ, ಚೆನ್ನಾಗಿ ಓದಿಕೊ" ಎಂದು ನೀತಿ ಹೇಳಿ ಪುಸ್ತಕ ಮುಚ್ಚಬಾರದು. ಇನ್ನೊಬ್ಬ ಮಗುವಿನ ಸಂಕಟವನ್ನು ನಮ್ಮ ಮಗುವಿನ ಅಂಕಪಟ್ಟಿಗೆ ಗೊಬ್ಬರ ಮಾಡಿದಂತಾಗುತ್ತದೆ. ಬದಲಿಗೆ, ಆ ಹುಡುಗ ಏಕೆ ದುಡಿಯಬೇಕಾಯಿತು, ಅದರಿಂದ ಲಾಭ ಯಾರಿಗಾಯಿತು, ಯಾರು ಏನು ಮಾಡಿದ್ದರೆ ಅದು ತಪ್ಪುತ್ತಿತ್ತು ಎಂದು ಕೇಳೋಣ. ಉತ್ತರವನ್ನು ಮಕ್ಕಳೇ ಹುಡುಕಲಿ.

ಈ ಪ್ರಶ್ನೆಗಳನ್ನು ಕೇಳಲು ಆರಂಭಿಸಿದ ಮಕ್ಕಳು ನಮ್ಮ ಮನೆಯೊಳಕ್ಕೂ ನೋಡುತ್ತಾರೆಂಬುದನ್ನು ಮರೆಯಬಾರದು. ಕೂಸನ್ನು ಆಡಿಸಲೆಂದು ಊರಿನಿಂದ ಕರೆತಂದ ಹುಡುಗಿ, 'ನಮ್ಮ ಮನೆಯ ಮಗಳ ಹಾಗೆ' ಇದ್ದವಳು, ಶಾಲೆಗೆ ಏಕೆ ಹೋಗಲಿಲ್ಲ ಎಂದು ಅವರು ಕೇಳಿದರೆ ನಾವೇನು ಹೇಳುವೆವು? ಅಂಥ ಹುಡುಗಿಯರು ನಮ್ಮ ಎಷ್ಟೋ ಮನೆಗಳಲ್ಲಿ ಇದ್ದರು. ಅವರನ್ನು ನಾವು ಪ್ರೀತಿಯಿಂದಲೇ ನೋಡಿಕೊಂಡೆವು. ರತನ್‌ಳನ್ನೂ ಪೋಸ್ಟ್‌ಮಾಸ್ಟರು ಪ್ರೀತಿಯಿಂದಲೇ ನೋಡಿಕೊಂಡಿದ್ದರು. ಇದನ್ನು ನಾವು ಇತರರ ಮೇಲೆ ಹೊರಿಸಲು ಬರೆಯುತ್ತಿಲ್ಲ. ನಮ್ಮನ್ನೂ ಸೇರಿಸಿಕೊಂಡೇ ಬರೆಯುತ್ತಿದ್ದೇವೆ.

ಕೊನೆಯದಾಗಿ ಒಂದು ಬಿನ್ನಹ. ಚಿಕ್ಕಂದಿನಲ್ಲಿ ದುಡಿದು ಮೇಲೆ ಬಂದ ಹಿರಿಯರು ನಮ್ಮ ಮೂರು ನಗರಗಳಲ್ಲಿಯೂ ಇನ್ನೂ ಕೆಲವರಿದ್ದಾರೆ. ಅವರ ಬಳಿ ಮಕ್ಕಳನ್ನು ಕೂರಿಸಿ, ಕಥೆಯನ್ನು ಪೂರ್ತಿ ಹೇಳಿಸಿ, ಬರೆಸಿಡೋಣ. ಅವರು ಗೆದ್ದುದನ್ನು ಬರೆಯೋಣ. ಕೈ ಬೆಂದುದನ್ನೂ, ನಿದ್ದೆಗೆಟ್ಟುದನ್ನೂ, ತಾಯಿಯ ನೆನಪಾಗಿ ಅತ್ತುದನ್ನೂ ಬರೆಯೋಣ. ಜೊತೆಗೆ ಬಂದ ಹುಡುಗರ ಹೆಸರುಗಳು ನೆನಪಿದ್ದರೆ ಅವನ್ನೂ ಬರೆಯೋಣ. ಆ ಹಿರಿಯರು ಅಂದು ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಆ ಐದನೆಯ ಇಯತ್ತೆಯ ಹುಡುಗನನ್ನು ಕರೆದು, "ಒಬ್ಬನ ಹೆಸರು ಈಗ ನೆನಪಾಯಿತು, ಮಗಾ, ಮುಂದಿನ ಸಲ ಅವನ ವಿಷಯ ಹೇಳುತ್ತೇನೆ" ಎಂದರು. ಆ ಮುಂದಿನ ಸಲ ಬೇಗ ಬರಲೆಂದು ಹಾರೈಸಿ, ಸಮಸ್ತ ಕನ್ನಡ ಬಾಂಧವರಿಗೂ ರಾಜ್ಯೋತ್ಸವದ ಶುಭಾಶಯಗಳನ್ನು ಕೋರುತ್ತೇವೆ.